ಬೇಲಿಯ ಕೋಳಿಕುಟುಮ, ಕಾಡಿನ ಪಚ್ಚೆ ಬೆಳವ: ಇವೆರಡನ್ನು ಹೋಲಿಸಲು ಬರುತ್ತದೆಯೇ?

ತಾಳವಾಡಿ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ನಾನು ಈರೋಡು ಜಿಲ್ಲೆಯ ತಾಳವಾಡಿ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಕಳೆದ ವಾರ ಏಳನೆಯ ತರಗತಿಯ ಮಕ್ಕಳಿಗೆ ಒಂದು ಪ್ರಬಂಧ ಕೊಟ್ಟಿದ್ದೆ. ತಮಿಳುನಾಡಿನ ರಾಜ್ಯ ಪುಷ್ಪವಾದ ಕೋಳಿಕುಟುಮವನ್ನೂ ರಾಜ್ಯ ಪಕ್ಷಿಯಾದ ಪಚ್ಚೆ ಬೆಳವವನ್ನೂ ಹೋಲಿಸಿ ಬರೆಯಿರಿ ಎಂಬುದು ವಿಷಯ. ಹೂವಿನ ಬಗ್ಗೆ ಎಲ್ಲರೂ ಒಂದೆರಡು ಪುಟ ತುಂಬಿಸಿದ್ದಾರೆ. ಬೇಲಿಯಲ್ಲಿ ಎಲ್ಲಿ ಹಬ್ಬುತ್ತದೆ, ಯಾವ ತಿಂಗಳು ಅರಳುತ್ತದೆ, ದನ ಅದನ್ನು ಏಕೆ ಮೇಯುವುದಿಲ್ಲ ಎಂಬುದೆಲ್ಲ ಅದರಲ್ಲಿದೆ. ಹಕ್ಕಿಯ ಬಗ್ಗೆ ಮಾತ್ರ “ಅದು ಹಸಿರಾಗಿದೆ, ಅದು ಹಾರುತ್ತದೆ” ಎಂಬಲ್ಲಿಗೆ ಮಾತು ಮುಗಿದಿದೆ. ಒಬ್ಬ ಹುಡುಗಿ ಒಂದೇ ವಾಕ್ಯ ಬರೆದು ಕೊಟ್ಟಿದ್ದಾಳೆ: “ಹೂವನ್ನು ಮುಟ್ಟಬಾರದು ಎಂದು ಅಜ್ಜಿ ಹೇಳಿದ್ದಾರೆ, ಹಕ್ಕಿಯನ್ನು ಮುಟ್ಟಲು ಆಗುವುದಿಲ್ಲ.” ಆ ವಾಕ್ಯಕ್ಕೆ ಹತ್ತರಲ್ಲಿ ಎಷ್ಟು ಅಂಕ ಕೊಡಬೇಕೆಂದು ತಿಳಿಯದೆ ಆ ಪುಸ್ತಕವನ್ನು ಇನ್ನೂ ಮೇಜಿನ ಮೇಲೆಯೇ ಇಟ್ಟುಕೊಂಡಿದ್ದೇನೆ.

ಈಗ ನನ್ನ ಪ್ರಶ್ನೆ. ಹೂವನ್ನೂ ಹಕ್ಕಿಯನ್ನೂ ಹೋಲಿಸಲು ಹೇಳಿದ್ದೇ ನನ್ನ ತಪ್ಪೇ? ನಮ್ಮ ಗಡಿ ಭಾಗದಲ್ಲಿ ಈ ಹಕ್ಕಿಯನ್ನು ಕಣ್ಣಾರೆ ಕಂಡವರು ಯಾರಾದರೂ ಇದ್ದೀರಾ? ನಮ್ಮ ತರಗತಿಯ ಗೋಡೆಯ ಚಿತ್ರಪಟದಲ್ಲಿ ಅದು ಅತ್ತಿಯ ಕೊಂಬೆಯ ಮೇಲೆ ಕುಳಿತಿದ್ದು, ಅದರ ಕಾಲುಗಳು ಹಳದಿಯಾಗಿವೆ.

ದೇನ್ಕನಿಕೋಟೆ ದಾರಿ:
ಮೇಷ್ಟ್ರೇ, ತಪ್ಪು ಪ್ರಶ್ನೆಯಲ್ಲಿಯೇ ಇದೆ. ಹೋಲಿಸಬೇಕಾದರೆ ಅಳೆಯುವ ಕೋಲು ಒಂದೇ ಇರಬೇಕು. ಕೋಳಿಕುಟುಮವನ್ನು ದಾಸವಾಳದೊಂದಿಗೆ ಹೋಲಿಸಬಹುದು, ಬೆಳವವನ್ನು ಪಾರಿವಾಳದೊಂದಿಗೆ ಹೋಲಿಸಬಹುದು. ಸರ್ಕಾರ ಎರಡನ್ನೂ ಒಂದೇ ಪಟ್ಟಿಯಲ್ಲಿ ಇಟ್ಟಿದೆ ಎಂಬ ಕಾರಣಕ್ಕೆ ಅವು ಹೋಲಿಕೆಗೆ ಒದಗುವುದಾದರೆ, ಅದೇ ಪಟ್ಟಿಯಲ್ಲಿರುವ ತಾಳೆಮರವನ್ನು ನೀಲಗಿರಿಯ ಕಾಡುಮೇಕೆಯಾದ ವರೆಯಾಡಿನೊಂದಿಗೆ ಹೋಲಿಸಲು ಮುಂದಿನ ವಾರ ಹೇಳುವಿರಾ?

ಹಾಸನೂರು ಘಟ್ಟ:
ಚಿತ್ರಪಟದ ವಿಷಯವನ್ನು ಮೊದಲು ಮುಗಿಸೋಣ. ಅತ್ತಿಯ ಕೊಂಬೆ, ಹಳದಿ ಕಾಲು ಎಂದರೆ ಅದು ಪಚ್ಚೆ ಬೆಳವ ಅಲ್ಲವೇ ಅಲ್ಲ. ಅದು ಹಳದಿ ಕಾಲಿನ ಹಸಿರು ಪಾರಿವಾಳ. ಈ ತಪ್ಪನ್ನು ನಾನು ಇನ್ನೂ ಎರಡು ಮೂರು ಕಡೆ ಕಂಡಿದ್ದೇನೆ. ಹಸಿರು ಪಾರಿವಾಳ ಮರದ ಮೇಲೆಯೇ ಬದುಕುವ ಹಕ್ಕಿ. ಆಲ, ಅತ್ತಿ, ಬಸರಿಗಳು ಹಣ್ಣಾದಾಗ ಗುಂಪು ಗುಂಪಾಗಿ ಬಂದು ಎಲೆಯೊಳಗೆ ಎಲೆಯಾಗಿ ಕುಳಿತುಬಿಡುತ್ತದೆ, ನೆಲಕ್ಕೆ ಇಳಿಯುವುದು ಅಪರೂಪ. ಪಚ್ಚೆ ಬೆಳವ ಇದಕ್ಕೆ ತದ್ವಿರುದ್ಧ. ಅದು ಕಾಡಿನ ನೆರಳಿನಲ್ಲಿ, ಒಣಗಿದ ಎಲೆಗಳ ನಡುವೆ, ನೆಲದ ಮೇಲೆ ನಡೆದಾಡುತ್ತ ಉದುರಿದ ಬೀಜಗಳನ್ನೂ ಹಣ್ಣುಗಳನ್ನೂ ಹೆಕ್ಕುತ್ತದೆ. ಒಂಟಿಯಾಗಿರುತ್ತದೆ, ಇಲ್ಲವೇ ಜೋಡಿಯಾಗಿರುತ್ತದೆ.

ಇನ್ನು ಕಂಡವರಿದ್ದೀರಾ ಎಂದು ಕೇಳಿದ್ದೀರಿ. ನಾನು ಕಂಡಿದ್ದೇನೆ, ಆದರೆ ಕಂಡಿದ್ದೇನೆ ಎಂದು ಹೇಳಿಕೊಳ್ಳಲು ನನಗೇ ಸಂಕೋಚವಾಗುವಷ್ಟು ಕಡಿಮೆ ಹೊತ್ತು ಕಂಡಿದ್ದೇನೆ. ಬಣ್ಣಾರಿಯಿಂದ ದಿಂಬಂಗೆ ಏರುವ 27 ತಿರುವುಗಳ ದಾರಿಯನ್ನು ನೀವೆಲ್ಲರೂ ಬಲ್ಲಿರಿ. ಘಟ್ಟ ಹತ್ತಿದ ಮೇಲೆ, ಬೆಳಗಿನ ಜಾವದಲ್ಲಿ, ದಾರಿಯಂಚಿನ ಬಿದಿರುಮೆಳೆಯ ಕೆಳಗೆ ಏನೋ ಕಂದು ಬಣ್ಣದ್ದು ಓಡಾಡುತ್ತಿರುವಂತೆ ಕಂಡಿತು. ಗಾಡಿ ನಿಲ್ಲಿಸಿದೆ. ಮೋಡದ ಬೆಳಕಿನಲ್ಲಿ ಅದು ಹಸಿರಾಗಿಯೇ ಕಾಣಲಿಲ್ಲ. ನಂತರ ಎಲೆಗಳ ನಡುವಿನಿಂದ ಬಿಸಿಲಿನ ಒಂದು ತುಣುಕು ಅದರ ಬೆನ್ನಿನ ಮೇಲೆ ಬಿದ್ದಿತು, ಆಗ ರೆಕ್ಕೆಗಳು ಪಚ್ಚೆ ಕಲ್ಲಿನಂತೆ ಹೊಳೆದವು. ನಾನು ದುರ್ಬೀನು ಎತ್ತುವಷ್ಟರಲ್ಲಿ ಅದು ನೆಲಮಟ್ಟದಲ್ಲಿಯೇ ಬಾಣದಂತೆ ಮರಗಳ ಸಂದಿಯಲ್ಲಿ ಹಾರಿಹೋಯಿತು. ಹಾರುವಾಗ ಬೆನ್ನಿನ ಕೆಳಭಾಗದಲ್ಲಿ ಎರಡು ಬಿಳಿಚು ಪಟ್ಟಿಗಳು ಕಾಣುತ್ತವೆ, ಅದು ಈ ಹಕ್ಕಿಯ ಗುರುತು. ಕೊಕ್ಕು ಹವಳದ ಕೆಂಪು. ಗಂಡಿನ ನೆತ್ತಿ ಬೂದು, ಹಣೆ ಬಿಳಿ, ಭುಜದಲ್ಲಿ ಒಂದು ಬಿಳಿ ಮಚ್ಚೆ. ಹೆಣ್ಣು ಸ್ವಲ್ಪ ಮಾಸಲು ಕಂದು. ಕಾಲು ಹಳದಿಯಲ್ಲ, ಕೆಂಪುಮಿಶ್ರಿತ ಗುಲಾಬಿ.

ಜತ್ತದ ಜಾಲಿಮರ:
ಮಾಸ್ತರರೆ, ತಮ್ಮ ಚಿತ್ರಪಟ ಮುದ್ರಿಸಿದವರು ನಮ್ಮ ರಾಜ್ಯದ ಹಕ್ಕಿಯನ್ನು ಕದ್ದಿದ್ದಾರೆ ಎಂದು ದೂರು ಕೊಡಬೇಕಾಗುತ್ತದೆ. ಆ ಹಳದಿ ಕಾಲಿನ ಹಸಿರು ಪಾರಿವಾಳವೇ ಮಹಾರಾಷ್ಟ್ರದ ರಾಜ್ಯ ಪಕ್ಷಿ. ಮರಾಠಿಯಲ್ಲಿ ಅದನ್ನು ಹರಿಯಲ್ ಎನ್ನುತ್ತಾರೆ. ಸಾಂಗಲಿ ಜಿಲ್ಲೆಯ ನಮ್ಮ ಜತ್ತ ತಾಲ್ಲೂಕು ಬರದ ನಾಡು. ಇಲ್ಲಿ ಪಚ್ಚೆ ಬೆಳವಕ್ಕೆ ಬೇಕಾದ ನೆರಳೇ ಇಲ್ಲ. ಜಾಲಿಯ ಮೇಲೆ, ಕಣದಲ್ಲಿ, ಬಾವಿಯ ಕಟ್ಟೆಯ ಮೇಲೆ ಕಾಣುವುದೆಲ್ಲ ಸಣ್ಣ ಬೆಳವ ಮತ್ತು ಕೊರಳಲ್ಲಿ ಕರಿಪಟ್ಟಿ ಇರುವ ಬೂದು ಬೆಳವ.

ಆದರೆ ಹೂವನ್ನು ನಾವು ಬಲ್ಲೆವು. ಮರಾಠಿಯಲ್ಲಿ ಅದರ ಹೆಸರು ಕಳಲಾವಿ. ಕಳ ಎಂದರೆ ಹೆರಿಗೆಯ ನೋವು, ಅದನ್ನು ತರಿಸುವ ಗಿಡವೆಂದು ಅರ್ಥ. ಮನೆಯಂಗಳದಲ್ಲಿ ನೆಟ್ಟರೆ ಜಗಳ ಹತ್ತುತ್ತದೆ ಎನ್ನುವವರೂ ಇದ್ದಾರೆ.

ತಾಳವಾಡಿ ಮೇಷ್ಟ್ರು:
ಜಗಳದ ಮಾತು ನಮ್ಮ ಸುತ್ತಿನ ತಮಿಳರಲ್ಲಿ ಬೇರೆ ರೂಪದಲ್ಲಿದೆ. ಅವರು ಇದನ್ನು ಕಣ್‌ವಲಿಪ್ಪೂ ಎನ್ನುತ್ತಾರೆ. ನೋಡಿದರೆ ಕಣ್ಣುನೋವು ಬರುತ್ತದೆಯಂತೆ. ಅದೇ ಹೂವು ಕಾರ್ತಿಗೈ ಹೂವೂ ಹೌದು, ಸೆಂಗಾಂದಳ್ ಎಂಬ ಹೆಸರಿನಲ್ಲಿ ಸಂಗಂ ಕವಿಗಳಿಗೆ ಹೆಣ್ಣಿನ ಕೈಬೆರಳುಗಳ ಉಪಮಾನವೂ ಹೌದು. ಒಂದೇ ಹೂವನ್ನು ನೋಡಬಾರದೆಂದೂ ಹೇಳಿ, ನೋಡಿ ನೋಡಿ ಕವಿತೆಯನ್ನೂ ಕಟ್ಟಿದ್ದಾರೆ.

ಬದಿಯಡ್ಕ ಬೈಲು:
ಮಾಷ್ಟ್ರೇ, ಕಾಸರಗೋಡಿನಿಂದ ಬರೆಯುತ್ತಿದ್ದೇನೆ. ಈ ಹಕ್ಕಿಗೆ ಮಲಯಾಳದಲ್ಲಿ ಓಮನಪ್ರಾವ್ ಎಂಬ ಹೆಸರಿದೆ, ಮುದ್ದಿನ ಪಾರಿವಾಳ ಎಂಬ ಅರ್ಥದಲ್ಲಿ. ನಮ್ಮ ಅಡಿಕೆ ತೋಟಗಳ ಮೇಲ್ಬದಿಯ ಕಾಡಿನಲ್ಲಿ ಅದು ಇದೆ. ಕಾಣುವುದಕ್ಕಿಂತ ಕೇಳುವುದೇ ಹೆಚ್ಚು. ಮಧ್ಯಾಹ್ನದ ಮೌನದಲ್ಲಿ, ಯಾರೋ ಬಾಯಿ ಮುಚ್ಚಿಕೊಂಡು ಮೂಗಿನಿಂದ “ಹೂಂ… ಹೂಂ…” ಎಂದು ನರಳಿದಂತೆ, ಒಂದೇ ಸಮನೆ. ಚಿಕ್ಕವರಿದ್ದಾಗ ಅದು ಗುಮ್ಮನ ಕೂಗೆಂದು ನಮ್ಮನ್ನು ಹೆದರಿಸುತ್ತಿದ್ದರು. ಚುಕ್ಕೆ ಬೆಳವದ ಗುಟುರಿನೊಂದಿಗೆ ಇದನ್ನು ಹೋಲಿಸಿದರೆ, ಚುಕ್ಕೆ ಬೆಳವ ಹರಟೆಗಾರ, ಇದು ಹೊಟ್ಟೆನೋವಿನವ.

ಕೋಳಿಕುಟುಮ ನಮ್ಮಲ್ಲಿ ಗದ್ದೆಯ ಕಟ್ಟಪುಣಿಯ ಪೊದೆಗಳಲ್ಲಿ, ಮಳೆಗಾಲದಲ್ಲಿ ಬರುತ್ತದೆ. ಮಲಯಾಳದಲ್ಲಿ ಮೇಂತೋನ್ನಿ.

ದೇನ್ಕನಿಕೋಟೆ ದಾರಿ:
ಎಲ್ಲರೂ ಹೂವಿನ ಕಥೆ ಒಂದು, ಹಕ್ಕಿಯ ಕಥೆ ಒಂದು ಎಂದು ಬೇರೆ ಬೇರೆಯಾಗಿಯೇ ಹೇಳುತ್ತಿದ್ದೀರಿ. ಹೋಲಿಕೆ ಎಲ್ಲಿದೆ? ನನ್ನ ಆಕ್ಷೇಪಕ್ಕೆ ಒಬ್ಬರೂ ಉತ್ತರಿಸಿಲ್ಲ.

ಬೇಲಿಯಂಚು:
ನಾನು ಉತ್ತರಿಸಲು ಪ್ರಯತ್ನಿಸುತ್ತೇನೆ. ನಾನು ಅಂಚೆಟ್ಟಿ ಕಡೆಯವಳು, ಓದಿದ್ದು ಸಸ್ಯಶಾಸ್ತ್ರ. ಎರಡೂ ಹಸಿರು ಮತ್ತು ಕೆಂಪಿನ ಜೀವಗಳು ಎಂಬ ಮೇಲ್ನೋಟದ ಸಾಮ್ಯದಿಂದಲೇ ಆರಂಭಿಸಿ ನೋಡಿ, ಆ ಬಣ್ಣ ಎರಡರಲ್ಲೂ ಎಷ್ಟು ಬೇರೆಯಾಗಿ ಹುಟ್ಟುತ್ತದೆ ಎಂಬುದು ತಿಳಿಯುತ್ತದೆ. ಕೋಳಿಕುಟುಮದ ಮೊಗ್ಗು ಹಸಿರಾಗಿ, ತಲೆ ಕೆಳಗೆ ಮಾಡಿಕೊಂಡು ತೂಗುತ್ತಿರುತ್ತದೆ. ಅರಳಿದಂತೆ ಅದರ ಆರು ದಳಗಳು ಹಿಂದಕ್ಕೆ ಬಾಗಿ ಮೇಲೆದ್ದು ನಿಲ್ಲುತ್ತವೆ, ಬುಡ ಹಳದಿಯಾಗಿ ತುದಿ ಕೆಂಪಾಗುತ್ತದೆ, ಕೆಲವು ದಿನಗಳಲ್ಲಿ ಇಡೀ ಹೂವು ಕಡುಗೆಂಪಾಗುತ್ತದೆ. ಒಂದೇ ಬಳ್ಳಿಯಲ್ಲಿ ಹಸಿರು, ಹಳದಿ, ಕೆಂಪು ಮೂರೂ ಹೂವುಗಳನ್ನು ಒಟ್ಟಿಗೆ ಕಾಣುವುದು ಇದರಿಂದಲೇ. ಅಗ್ನಿಶಿಖೆ ಎಂಬ ಹೆಸರು ಬಂದದ್ದೂ ಈ ರೂಪದಿಂದ. ಇಲ್ಲಿ ಬಣ್ಣವೆಂದರೆ ದಳದ ಜೀವಕೋಶಗಳಲ್ಲಿ ಸೇರುವ ವರ್ಣದ್ರವ್ಯ. ಹೂವಿನ ವಯಸ್ಸು ಬದಲಾದಂತೆ ಬಣ್ಣವೂ ಬದಲಾಗುತ್ತದೆ, ಮೋಡವಿದ್ದರೂ ಬಿಸಿಲಿದ್ದರೂ ಕೆಂಪು ಕೆಂಪಾಗಿಯೇ ಇರುತ್ತದೆ.

ಬೆಳವದ ರೆಕ್ಕೆಯಲ್ಲಿ ಹಸಿರು ಬಣ್ಣದ ದ್ರವ್ಯವೇ ಇಲ್ಲ. ಗರಿಯ ಸೂಕ್ಷ್ಮ ರಚನೆಯ ಮೇಲೆ ಬೆಳಕು ಬಿದ್ದು ಹಿಂದಿರುಗುವಾಗ ಹುಟ್ಟುವ ಹೊಳಪು ಅದು. ಸಾಬೂನಿನ ಗುಳ್ಳೆಯ ಮೇಲಿನ ಬಣ್ಣವನ್ನು ಉಜ್ಜಿ ತೆಗೆಯಲಾಗದಂತೆ, ಈ ಹಸಿರನ್ನೂ ಗರಿಯಿಂದ ಹಿಂಡಿ ತೆಗೆಯಲು ಆಗುವುದಿಲ್ಲ. ಹಾಸನೂರು ಘಟ್ಟದವರಿಗೆ ಮೊದಲು ಕಂದಾಗಿ ಕಂಡು, ಬಿಸಿಲು ಬಿದ್ದ ಮೇಲೆ ಪಚ್ಚೆಯಾದದ್ದು ಕಣ್ಣಿನ ಮೋಸವಲ್ಲ.

ಇನ್ನೊಂದು ಹೋಲಿಕೆ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಎರಡೂ ಅಡಗಿಕೊಳ್ಳುವ ಜೀವಗಳು. ಹೂವು ಕಾಲದಲ್ಲಿ ಅಡಗುತ್ತದೆ, ಹಕ್ಕಿ ಜಾಗದಲ್ಲಿ ಅಡಗುತ್ತದೆ. ಮಳೆ ಬಿದ್ದ ಮೇಲೆ ಗಡ್ಡೆಯಿಂದ ಚಿಗುರೆದ್ದು, ಎಲೆಯ ತುದಿಗಳನ್ನೇ ನುಲಿಯಾಗಿ ಸುತ್ತಿಕೊಂಡು ಬೇಲಿ ಹತ್ತಿ, ಹೂವು ಬಿಟ್ಟು, ಕಾಯಿ ಒಡೆದು ಕೆಂಪು ಬೀಜ ಚೆಲ್ಲಿದ ನಂತರ ಬೇಸಿಗೆಯ ಹೊತ್ತಿಗೆ ನೆಲದ ಮೇಲೆ ಅದರ ಸುಳಿವೇ ಉಳಿಯುವುದಿಲ್ಲ. ಬೆಳವ ವರ್ಷದ ಹನ್ನೆರಡು ತಿಂಗಳೂ ಅಲ್ಲಿಯೇ ಇರುತ್ತದೆ, ಆದರೆ ನಾವು ಕಾಲಿಡದ ನೆರಳಿನಲ್ಲಿ. ಮೇಷ್ಟ್ರೇ, ಮಕ್ಕಳು ಹೂವನ್ನು ಕಂಡಿದ್ದಾರೆ, ಹಕ್ಕಿಯನ್ನು ಕಂಡಿಲ್ಲ ಎಂಬುದಕ್ಕೆ ಕಾರಣ ಇಷ್ಟೇ: ಬೇಲಿ ಶಾಲೆಯ ದಾರಿಯಲ್ಲಿದೆ, ಕಾಡು ಇಲ್ಲ.

ಬದಿಯಡ್ಕ ಬೈಲು:
ಕಾಲದಲ್ಲಿ ಅಡಗುವುದು, ಜಾಗದಲ್ಲಿ ಅಡಗುವುದು ಎಂಬ ಮಾತನ್ನು ನಾನು ಕದ್ದು ನಮ್ಮ ಮಕ್ಕಳಿಗೂ ಹೇಳುತ್ತೇನೆ, ಅಕ್ಕ.

ಹೊಲದ ಹಿರಿಯ:
ಎಲ್ಲರೂ ಬಣ್ಣದ ಬಗ್ಗೆ ಬರೆದಿರಿ, ಉಪಯೋಗದ ಬಗ್ಗೆ ಯಾರೂ ಬರೆಯಲಿಲ್ಲ. ನಮ್ಮ ಹಿರಿಯರು ಚೇಳು ಕಡಿದರೆ ಈ ಗಡ್ಡೆಯನ್ನು ತೇಯ್ದು ಹಚ್ಚುತ್ತಿದ್ದರು, ಹೊಟ್ಟೆಯ ಹುಳಕ್ಕೆ ಸ್ವಲ್ಪ ಕೊಡುತ್ತಲೂ ಇದ್ದರು. ಹೂವು ಮನುಷ್ಯರಿಗೆ ಆಗಿಬರುತ್ತದೆ, ಹಕ್ಕಿಯಿಂದ ಯಾವ ಪ್ರಯೋಜನವೂ ಇಲ್ಲ. ಈ ಹೋಲಿಕೆಯನ್ನೂ ಸೇರಿಸಿಕೊಳ್ಳಬೇಕು.

ಹೊಸೂರು ಮದ್ದಿನಂಗಡಿ:
ಹಿರಿಯರೇ, ತಮ್ಮ ಮೇಲಿನ ಗೌರವವನ್ನು ಇಟ್ಟುಕೊಂಡೇ ಹೇಳುತ್ತೇನೆ, ಇದನ್ನು ಓದಿ ಯಾರಾದರೂ ಗಡ್ಡೆಯನ್ನು ಬಾಯಿಗೆ ಹಾಕಿಕೊಂಡರೆ ಅನಾಹುತವಾಗುತ್ತದೆ. ಈ ಸಸ್ಯದ ಎಲ್ಲ ಭಾಗಗಳಲ್ಲೂ, ಮುಖ್ಯವಾಗಿ ಗಡ್ಡೆ ಮತ್ತು ಬೀಜಗಳಲ್ಲಿ, ಕಾಲ್ಚಿಸಿನ್ ಎಂಬ ವಿಷವಿದೆ. ಅದು ಜೀವಕೋಶಗಳು ಒಡೆದು ಎರಡಾಗುವ ಕ್ರಿಯೆಯನ್ನೇ ತಡೆಯುತ್ತದೆ. ತಿಂದ ಕೆಲವು ಗಂಟೆಗಳಲ್ಲಿ ವಾಂತಿ ಭೇದಿ ಆರಂಭವಾಗುತ್ತದೆ. ಅದು ನಿಂತಿತೆಂದು ನೆಮ್ಮದಿಪಡುವ ಹೊತ್ತಿಗೆ ಮೂಳೆಯ ಮಜ್ಜೆ, ಮೂತ್ರಪಿಂಡ, ಹೃದಯಗಳಿಗೆ ಪೆಟ್ಟು ಬೀಳಬಹುದು. ಬದುಕಿ ಉಳಿದವರಿಗೆ ಕೆಲವು ದಿನಗಳ ನಂತರ ತಲೆಗೂದಲು ಉದುರುವುದೂ ಉಂಟು. ಗಡ್ಡೆ ನೋಡಲು ಗೆಣಸಿನಂತೆಯೇ ಇರುವುದರಿಂದ ತಿಳಿಯದೆ ತಿಂದು ಸತ್ತವರಿದ್ದಾರೆ. ಯಾರಾದರೂ ತಿಂದದ್ದು ಗೊತ್ತಾದರೆ ಮನೆಮದ್ದು ಮಾಡುತ್ತ ಕೂರದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಅದೇ ಕಾಲ್ಚಿಸಿನ್ ಅಳತೆ ಮಾಡಿದ ಮಾತ್ರೆಯಾಗಿ ಕೀಲುಗಳ ಗೌಟ್ ಬೇನೆಗೆ ಔಷಧವಾಗಿದೆ ಎಂಬುದು ನಿಜ. ನನ್ನ ಅಂಗಡಿಯಲ್ಲಿಯೂ ಇದೆ. ಆದರೆ ಮಾತ್ರೆಯಲ್ಲಿ ಎಷ್ಟಿದೆ ಎಂಬುದನ್ನು ಅದರ ಪಟ್ಟಿ ಹೇಳುತ್ತದೆ, ಗಡ್ಡೆಯಲ್ಲಿ ಎಷ್ಟಿದೆ ಎಂಬುದನ್ನು ಯಾವ ಅಜ್ಜನೂ ಹೇಳಲಾರ.

ಹೊಲದ ಹಿರಿಯ:
ಹಚ್ಚುವುದಕ್ಕೂ ತಿನ್ನುವುದಕ್ಕೂ ವ್ಯತ್ಯಾಸವಿದೆ ಎಂಬುದಷ್ಟೇ ನನ್ನ ಮಾತು. ಆದರೂ ಮಕ್ಕಳು ಓದುವ ಜಾಗದಲ್ಲಿ ಹುಳದ ಔಷಧದ ವಿಷಯವನ್ನು ಬರೆಯಬಾರದಿತ್ತು, ಒಪ್ಪುತ್ತೇನೆ.

ದೇನ್ಕನಿಕೋಟೆ ದಾರಿ:
ಬೇಲಿಯಂಚು ಅವರ ಉತ್ತರಕ್ಕೆ ನಾನು ಅರ್ಧ ಸೋತಿದ್ದೇನೆ. ಉಳಿದರ್ಧಕ್ಕೆ ಹೊಸ ಆಕ್ಷೇಪ. ವಿಷಯದಲ್ಲಿ ಹೂವನ್ನು ಕಾಡುಹೂವೆಂದು ಎಲ್ಲರೂ ಭಾವಿಸಿದ್ದೀರಿ. ನನ್ನ ಭಾವಮೈದುನನ ಸಂಬಂಧಿಕರು ಧಾರಾಪುರಂ ಬಳಿ ಅದನ್ನು ಎಕರೆಗಟ್ಟಲೆ ಬೆಳೆಯುತ್ತಾರೆ. ಆ ಕಡೆಯೂ ಒಟ್ಟನ್‌ಛತ್ರಂ, ಮೂಲನೂರು ಕಡೆಯೂ ಬೀಜಕ್ಕಾಗಿ ಬೆಳೆಯುವ ಬೆಳೆ ಅದು. ಬೀಜ ಔಷಧ ಕಂಪನಿಗಳಿಗೆ, ವಿದೇಶಕ್ಕೆ ಹೋಗುತ್ತದೆ. ನಾನು ಹೋಗಿದ್ದಾಗ ಕಂಡದ್ದನ್ನು ಹೇಳುತ್ತೇನೆ. ಕಂಬ ನೆಟ್ಟು, ತಂತಿ ಎಳೆದು, ಬಳ್ಳಿ ಹಬ್ಬಿಸಿದ್ದಾರೆ. ಬೆಳಗ್ಗೆ ಹೆಂಗಸರು ಸಾಲಿನಲ್ಲಿ ನಡೆಯುತ್ತ ಒಂದೊಂದು ಹೂವಿನ ಪರಾಗವನ್ನು ಮತ್ತೊಂದಕ್ಕೆ ಕೈಯಿಂದಲೇ ಮುಟ್ಟಿಸುತ್ತಾರೆ. ಹೂವಿಗೆ ಪುರೋಹಿತರನ್ನು ಕರೆದು ಮದುವೆ ಮಾಡಿಸಿದಂತೆ ನನಗೆ ಕಂಡಿತು. ಇಂಥದ್ದನ್ನು ಕಾಡಿನ ಬೆಳವದೊಂದಿಗೆ ಹೋಲಿಸುವುದು ಸರಿಯೇ?

ಬೇಲಿಯಂಚು:
ಕೈಯಿಂದ ಮುಟ್ಟಿಸುವುದಕ್ಕೆ ಕಾರಣ ಹೂವಿನ ಕಟ್ಟಡದಲ್ಲಿಯೇ ಇದೆ. ಅದರ ಶಲಾಕೆ, ಎಂದರೆ ತುದಿಯಲ್ಲಿ ಪರಾಗವನ್ನು ಪಡೆಯುವ ಹೆಣ್ಣುಭಾಗದ ಕಡ್ಡಿ, ಬುಡದಲ್ಲಿಯೇ ತೊಂಬತ್ತು ಡಿಗ್ರಿ ತಿರುಗಿ ಹೊರಕ್ಕೆ ಚಾಚಿರುತ್ತದೆ. ಪರಾಗ ಹೊರುವ ಆರು ಕೇಸರಗಳೂ ಚಕ್ರದ ಅರೆಗಳಂತೆ ಹೊರಗೆ ಹರಡಿರುತ್ತವೆ. ಹೀಗಾಗಿ ಸ್ವಂತ ಪರಾಗ ಸ್ವಂತ ಶಲಾಕೆಯ ತುದಿಗೆ ಬೀಳುವುದು ಕಷ್ಟ; ಮಕರಂದಕ್ಕೆ ಬರುವ ಚಿಟ್ಟೆಯ ರೆಕ್ಕೆಗೆ ಅದು ತಗುಲಿ ಮತ್ತೊಂದು ಹೂವಿಗೆ ಹೋಗಬೇಕು. ಎಕರೆಗಟ್ಟಲೆ ಹೂವಿಗೆ ಸಾಲುವಷ್ಟು ಚಿಟ್ಟೆಗಳು ಎಲ್ಲಿಂದ ಬರಬೇಕು? ಹೊಲಕ್ಕೆ ಬಂದರೂ ಅದು ತನ್ನ ಕಾಡಿನ ಹಟವನ್ನು ಬಿಟ್ಟಿಲ್ಲ ಎಂದೇ ನಾನು ಇದನ್ನು ಓದುತ್ತೇನೆ. ಕೃಷಿಗೆಂದು ಕಾಡಿನಿಂದ ಗಡ್ಡೆ ಅಗೆದು ಮಾರುವವರಿಂದ ಬೇಲಿಯ ಬಳ್ಳಿಗಳು ಕಡಿಮೆಯಾಗಿವೆ ಎಂಬುದನ್ನೂ ಮರೆಯಬೇಡಿ.

ಮಡಕಶಿರಾ ಮಾವಿನತೋಪು:
ಆಂಧ್ರದ ಗಡಿಯಿಂದ ನನ್ನದೂ ಒಂದು ಮಾತು. ತೆಲುಗಿನಲ್ಲಿ ಅಡವಿನಾಭಿ ಎನ್ನುತ್ತಾರೆ, ಹೆಸರಿನಲ್ಲಿಯೇ ಅಡವಿ ಇದೆ. ನಮ್ಮಲ್ಲಿ ಹೂವು ಹೋಗುತ್ತಿರುವುದು ಗಡ್ಡೆ ಅಗೆಯುವುದರಿಂದ ಅಲ್ಲ, ಬೇಲಿಯೇ ಹೋಗುತ್ತಿರುವುದರಿಂದ. ಕಳ್ಳಿ, ಲಂಟಾನದ ಬೇಲಿ ಕಡಿದು ಮುಳ್ಳುತಂತಿ ಹಾಕಿದ ವರ್ಷವೇ ನಮ್ಮ ತೋಟದಂಚಿನ ಅಗ್ನಿಶಿಖೆ ನಿಂತಿತು. ತಂತಿ ಹಾಕಿಸಿದವನು ನಾನೇ, ಆದ್ದರಿಂದ ಬೇರೆಯವರನ್ನು ದೂರುವಂತಿಲ್ಲ.

ಕೂಡಲೂರು ಇಳಿಜಾರು:
ಮುಟ್ಟಲು ಆಗುವುದಿಲ್ಲ ಎಂದು ಹುಡುಗಿ ಬರೆದ ಹಕ್ಕಿಯನ್ನು ನಾನು ಮುಟ್ಟಿದ್ದೇನೆ. ನೀಲಗಿರಿ ಇಳಿಜಾರಿನ ನಮ್ಮ ಮನೆಗೆ ಕಾಫಿ ತೋಟದ ಕಡೆಗೆ ಮುಖ ಮಾಡಿದ ದೊಡ್ಡ ಗಾಜಿನ ಕಿಟಕಿ ಇದೆ. ಒಂದು ಬೆಳಗ್ಗೆ ಕಲ್ಲು ಬಿದ್ದಂತೆ ಸದ್ದಾಯಿತು. ಹೊರಗೆ ಹೋಗಿ ನೋಡಿದರೆ ಪಚ್ಚೆ ಬೆಳವ ಅಂಗಾತ ಬಿದ್ದಿತ್ತು. ಗಾಜಿನಲ್ಲಿ ಕಾಣುವ ಮರಗಳನ್ನು ನಿಜವಾದ ಮರಗಳೆಂದು ನಂಬಿ, ನೆಲಮಟ್ಟದ ಆ ವೇಗದಲ್ಲಿಯೇ ಬಂದು ಬಡಿಯುವುದು ಈ ಹಕ್ಕಿಯ ದುರದೃಷ್ಟ. ಕೈಗೆತ್ತಿಕೊಂಡೆ. ಅಂಗೈಯಲ್ಲಿ ಅದರ ಎದೆಬಡಿತ ತಿಳಿಯುತ್ತಿತ್ತು. ಚುಕ್ಕೆ ಬೆಳವಕ್ಕಿಂತ ಗಿಡ್ಡ, ಒಂದು ಗೇಣಿಗಿಂತ ಸ್ವಲ್ಪ ಉದ್ದ, ಆದರೆ ಕೈಗೆ ಗಟ್ಟಿಮುಟ್ಟಾಗಿ ತುಂಬುವ ಹಕ್ಕಿ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲು ಮಾಡಿ ಇಟ್ಟೆವು. ನೀರು ಕುಡಿಸಲು ಹೋಗಲಿಲ್ಲ. ಒಂದು ಗಂಟೆಯ ನಂತರ ಮುಚ್ಚಳ ತೆರೆದಾಗ ನನ್ನ ಮುಖಕ್ಕೇ ರೆಕ್ಕೆ ಬಡಿದು ಹಾರಿತು. ಅಂದಿನಿಂದ ಆ ಗಾಜಿಗೆ ಹೊರಗಿನಿಂದ ಹಳೆಯ ಸೀರೆಯ ಪರದೆ ಕಟ್ಟಿದ್ದೇವೆ. ಬಂದವರೆಲ್ಲ ಇದೇನು ಒಗೆದ ಬಟ್ಟೆಯೇ ಎಂದು ಕೇಳುತ್ತಾರೆ.

ಕೋಳಿಕುಟುಮಕ್ಕೆ ವಿಷವೆಂಬ ಕಾವಲಿದೆ. ಇದಕ್ಕೆ ಹಾರಿಹೋಗುವುದೊಂದೇ ಕಾವಲು, ಆ ಕಾವಲೇ ಗಾಜಿನ ಮುಂದೆ ಮುಳುವಾಗುತ್ತದೆ. ಹೋಲಿಕೆ ಕೇಳಿದವರಿಗೆ ಇದು ನನ್ನ ಪಾಲು.

ಜತ್ತದ ಜಾಲಿಮರ:
ನೀರು ಕುಡಿಸದಿದ್ದುದು ಒಳ್ಳೆಯದಾಯಿತು. ಬೆಳವ ಪಾರಿವಾಳಗಳು ಉಳಿದ ಹಕ್ಕಿಗಳಂತೆ ತಲೆಯೆತ್ತಿ ನೀರು ನುಂಗುವುದಿಲ್ಲ, ಕೊಕ್ಕು ಅದ್ದಿ ದನದಂತೆ ಹೀರುತ್ತವೆ. ಮರಿಗಳಿಗೆ ಹಾಲನ್ನೂ ಕೊಡುತ್ತವೆ. ತಂದೆ ತಾಯಿ ಇಬ್ಬರ ಗಂಟಲಚೀಲದಲ್ಲಿಯೂ ಅದು ಉತ್ಪತ್ತಿಯಾಗುತ್ತದೆ.

ದೇನ್ಕನಿಕೋಟೆ ದಾರಿ:
ಹಕ್ಕಿಯ ಹಾಲು ಎಂದರೆ ಇಲ್ಲದ ವಸ್ತುವೆಂದು ನಾನು ಇದುವರೆಗೆ ತಿಳಿದಿದ್ದೆ. ಇಂದು ಎರಡನೆಯ ಬಾರಿ ಸೋತೆ.

ಹಾಸನೂರು ಘಟ್ಟ:
ಹೆಸರಿನ ಬಗ್ಗೆ ಒಂದು ಮಾತು ಉಳಿದಿದೆ. ಹೂವಿಗೆ ಕನ್ನಡದಲ್ಲಿ ಎಷ್ಟು ಹೆಸರುಗಳು ನೋಡಿ: ಕೋಳಿಕುಟುಮ, ಅಗ್ನಿಶಿಖೆ, ಮಲೆನಾಡಿನಲ್ಲಿ ಗೌರಿಹಬ್ಬದ ಹೊತ್ತಿಗೆ ಅರಳುವುದರಿಂದ ಗೌರಿ ಹೂ, ಗಡ್ಡೆ ನೇಗಿಲಿನ ಆಕಾರದಲ್ಲಿರುವುದರಿಂದ ಸಂಸ್ಕೃತದ ಲಾಂಗಲಿ. ಪೂಜೆ, ವಿಷ, ದನ, ಬಾಣಂತಿ ಎಂದು ಊರಿನ ಎಲ್ಲ ವ್ಯವಹಾರಗಳಲ್ಲಿಯೂ ಅದು ತಲೆಹಾಕಿದೆ. ಹಕ್ಕಿಯನ್ನು ಮಾತ್ರ ನಮ್ಮ ಹಳ್ಳಿಗಳಲ್ಲಿ ಬರಿಯ ಬೆಳವ ಎಂದು ಕರೆದು ಮುಗಿಸುತ್ತಾರೆ. ಪಚ್ಚೆ ಬೆಳವ ಎಂಬುದು ತಮಿಳಿನ ಮರಗತಪ್ಪುರಾ ಎಂಬುದಕ್ಕೆ ಹೊಂದುವ ಹೆಸರಾಗಿ ಚೆನ್ನಾಗಿದೆ. ಹಸಿರು ಪಾರಿವಾಳ ಎಂದು ಮಾತ್ರ ಬರೆಸಬೇಡಿ, ಚಿತ್ರಪಟದ ಗೊಂದಲ ಹುಟ್ಟಿದ್ದೇ ಆ ಹೆಸರಿನಿಂದ ಎಂಬುದು ನನ್ನ ಗುಮಾನಿ.

ತಾಳವಾಡಿ ಮೇಷ್ಟ್ರು:
ಎಲ್ಲರಿಗೂ ಋಣಿಯಾಗಿದ್ದೇನೆ. ಇಂದು ತರಗತಿಯಲ್ಲಿ ಚಿತ್ರಪಟದ ಹಳದಿ ಕಾಲಿನ ಹಕ್ಕಿಯ ಕೆಳಗೆ “ಇದು ಮಹಾರಾಷ್ಟ್ರದ್ದು” ಎಂದು ಚೀಟಿ ಅಂಟಿಸಿದೆವು. ಜತ್ತದವರು ದೂರನ್ನು ಹಿಂತೆಗೆದುಕೊಳ್ಳಬೇಕಾಗಿ ವಿನಂತಿ. ಗಡ್ಡೆಯ ವಿಷದ ಬಗ್ಗೆ ಮದ್ದಿನಂಗಡಿಯವರು ಬರೆದದ್ದನ್ನು ಗಟ್ಟಿಯಾಗಿ ಓದಿಸಿದೆ.

ನಂತರ ಬದಿಯಡ್ಕದವರು ವರ್ಣಿಸಿದ ಕೂಗನ್ನು ನಾನೇ ಮೂಗಿನಿಂದ ಕೂಗಿ ತೋರಿಸಿದೆ. ಮಕ್ಕಳು ನಕ್ಕರು. ಕಾಡಂಚಿನ ಸೋಲಿಗರ ಪೋಡಿನಿಂದ ಬರುವ ಒಬ್ಬ ಹುಡುಗ ಮಾತ್ರ ನಗಲಿಲ್ಲ. ಅವನು ಪ್ರಬಂಧದಲ್ಲಿ ಹಕ್ಕಿಯ ಬಗ್ಗೆ ಒಂದು ಅಕ್ಷರವನ್ನೂ ಬರೆದಿರಲಿಲ್ಲ. “ಸಾರ್, ಅದು ನಮ್ಮ ಪೋಡಿನ ಹಿಂದೆ ದಿನವೂ ಕೂಗುತ್ತದೆ, ಅದಕ್ಕೆ ಪಚ್ಚೆ ಬೆಳವ ಎಂಬ ಹೆಸರೆಂದು ಗೊತ್ತಿರಲಿಲ್ಲ” ಎಂದ. ಮುಂದಿನ ಶನಿವಾರ ಬೆಳಗ್ಗೆ ನಮ್ಮನ್ನು ಅಲ್ಲಿಗೆ ಕರೆದೊಯ್ಯಲು ಒಪ್ಪಿದ್ದಾನೆ.

ದೇನ್ಕನಿಕೋಟೆ ದಾರಿ:
ಒಂದು ವಾಕ್ಯದ ಹುಡುಗಿಗೆ ಎಷ್ಟು ಅಂಕ ಕೊಟ್ಟಿರಿ ಎಂಬುದನ್ನು ಹೇಳಲಿಲ್ಲ.

ತಾಳವಾಡಿ ಮೇಷ್ಟ್ರು:
ಒಂಬತ್ತು. ಹಕ್ಕಿಯನ್ನು ಮುಟ್ಟಬಹುದೆಂದು ಕೂಡಲೂರಿನವರು ತೋರಿಸಿದ್ದರಿಂದ ಒಂದು ಅಂಕ ಕಳೆದೆ. ಅವಳು ಆ ಅಂಕಕ್ಕಾಗಿ ಇನ್ನೂ ವಾದಿಸುತ್ತಿದ್ದಾಳೆ.